ಸಂಪಾದಕರ ಉತ್ತರ: ಫೋರ್ಸ್‌ಬರ್ಗ್‌ಗೆ ಒಲಿಂಪಿಕ್ ಚಿನ್ನ ಯಾಕೆ ಬರಲಿಲ್ಲ?

ನಮಸ್ಕಾರ ಮೇಷ್ಟ್ರೇ,

ಕಳೆದ ಸಂಚಿಕೆಯ ಚಳಿಗಾಲದ ಆಟಗಳ ಪುಟದಲ್ಲಿ ಮಗ್ದಲೇನಾ ಫೋರ್ಸ್‌ಬರ್ಗ್ ಅವರನ್ನು ‘ಸ್ವೀಡನ್ ಕಂಡ ಅತಿ ದೊಡ್ಡ ಬಯಾಥ್ಲೀಟ್’ ಅಂತ ಬರೆದಿದ್ದೆವು. ಹಿಮದ ಮೇಲೆ ಸ್ಕೀ ಮಾಡುತ್ತಾ, ನಡುನಡುವೆ ರೈಫಲ್ ಹಿಡಿದು ಗುರಿ ಹೊಡೆಯುವ ಬಯಾಥ್ಲಾನ್ ಆಟದವರಿಗೆ ಹೀಗನ್ನುತ್ತಾರೆ. ನೀವು ತಕರಾರು ತೆಗೆದಿದ್ದೀರಿ. ‘ಒಲಿಂಪಿಕ್ಸ್‌ನಲ್ಲಿ ಆಕೆಗೆ ಸಿಕ್ಕಿದ್ದು ಬರೀ ಎರಡು ಕಂಚು. ಅದೇ ದೇಶದ ಹನ್ನಾ ಓಬರ್ಗ್‌ಗೆ ಚಿನ್ನ ಇದೆ. ಹಾಗಿರುವಾಗ ಫೋರ್ಸ್‌ಬರ್ಗ್ ಅತಿ ದೊಡ್ಡವರು ಹೇಗಾದರು?’ ಇದು ನಿಮ್ಮ ಮೊದಲ ಪ್ರಶ್ನೆ. ಎನ್‌ಸಿಸಿ ಹುಡುಗರಿಂದ ಪಾಯಿಂಟ್ ಟೂ ಟೂ ರೈಫಲ್ ಹೊಡೆಸಿದ ಅನುಭವದಿಂದ, ಏದುಸಿರು ಬಿಡುತ್ತಾ ಗುರಿ ಹಿಡಿಯೋದು ಹೇಗೆ ಅಂತಲೂ ಕೇಳಿದ್ದೀರಿ. ಇದನ್ನು ನಿಮ್ಮ ಶಾಲೆಯ ಮೈದಾನದಲ್ಲಿ ಆಡಿಸಬಹುದಾ ಅನ್ನೋದು ಮೂರನೆಯದು. ಪತ್ರದಂಕಣದಲ್ಲಿ ಎರಡು ಸಾಲು ಬರೆದು ಮುಗಿಸುವಂಥ ಪ್ರಶ್ನೆಗಳಲ್ಲ ಇವು. ಹಾಗಾಗಿ ಸ್ವಲ್ಪ ಉದ್ದಕ್ಕೇ ಉತ್ತರಿಸುತ್ತೇನೆ.

ಮೊದಲು ರೈಫಲ್ ವಿಷಯ. ನೀವು ಊಹಿಸಿದ್ದು ಸರಿ, ಬಯಾಥ್ಲಾನ್‌ನಲ್ಲೂ ಅದೇ .22 ಗುಂಡು. ಹಿಂದೆ ಸೈನ್ಯದವರ ದೊಡ್ಡ ರೈಫಲ್ ಇತ್ತು. 1970ರ ದಶಕದ ಕೊನೆಗೆ ಚಿಕ್ಕದಕ್ಕೆ ಬಂದರು. ನಿಮ್ಮ ಹುಡುಗರು ಸಾಮಾನ್ಯವಾಗಿ 25 ಗಜದಿಂದ ಹೊಡೆಯುತ್ತಾರೆ, ಅಲ್ವಾ? ಇಲ್ಲಿ 50 ಮೀಟರ್. ಎದುರಿಗೆ ಸಾಲಾಗಿ ಐದು ಕಪ್ಪು ಗುರಿ. ಮಲಗಿ ಹೊಡೆಯುವಾಗ ಒಂದೊಂದರ ಅಗಲ 45 ಮಿಲಿಮೀಟರ್, ನಿಂತು ಹೊಡೆಯುವಾಗ 115. ಗುಂಡು ತಾಗಿದರೆ ಕಪ್ಪು ಹೋಗಿ ಬಿಳಿ ಬೀಳುತ್ತದೆ. ರೈಫಲ್ ಕಡಿಮೆ ಅಂದರೂ ಮೂರೂವರೆ ಕೆಜಿ ತೂಗಬೇಕು. ಅದನ್ನು ಬೆನ್ನಿಗೆ ಹಾಕಿಕೊಂಡೇ ಇಡೀ ದಾರಿ ಸ್ಕೀ ಮಾಡಬೇಕು. ಏರು ಬಂದರೂ ಇಳಿಸುವ ಹಾಗಿಲ್ಲ.

ಈಗ ಉಸಿರಾಟದ ಮಾತು. ಗುಂಡು ಹೊಡೆಯುವ ಜಾಗ, ಅಂದರೆ ರೇಂಜ್ ಹತ್ತಿರ ಬಂದಾಗ ಎದೆಬಡಿತ ನಿಮಿಷಕ್ಕೆ 170-180ರ ಆಸುಪಾಸು ಇರುತ್ತದೆ. ಕೊನೆಯ ಸ್ವಲ್ಪ ದೂರ ವೇಗ ತಗ್ಗಿಸುತ್ತಾರೆ, ನಿಜ. ಆದರೆ ಎದೆ ಪೂರ್ತಿ ತಣ್ಣಗಾಗುವವರೆಗೆ ಕಾಯುವುದಿಲ್ಲ. ಕಾದರೆ ಆ ಸೆಕೆಂಡುಗಳು ಯಾರ ಲೆಕ್ಕಕ್ಕೆ? ಗುಂಡು ಹೊಡೆಯುವ ಚಾಪೆಯ ಹತ್ತಿರ ಬಂದು ಸ್ಕೀ ಕೋಲು ಕೆಳಗಿಟ್ಟು, ಗಾಳಿಯ ಬಾವುಟದ ಕಡೆ ಒಂದು ಸಲ ಕಣ್ಣು ಹಾಯಿಸುತ್ತಾರೆ. ಬೆಳಿಗ್ಗೆ ಗುರಿ ಸರಿಮಾಡಿಕೊಂಡಾಗ ಇದ್ದ ಗಾಳಿ ಈಗಿಲ್ಲ ಅಂದರೆ ಸೈಟಿನ (ರೈಫಲ್ ಮೇಲೆ ಗುರಿ ನೋಡುವ ಭಾಗದ) ತಿರುಪನ್ನು ಒಂದೆರಡು ‘ಕ್ಲಿಕ್’ ತಿರುಗಿಸುತ್ತಾರೆ. ಮಲಗಿ ಹೊಡೆಯುವುದಾದರೆ ರೈಫಲ್‌ನ ಪಟ್ಟಿಯನ್ನು ತೋಳಿನ ಕೊಕ್ಕೆಗೆ ಸಿಕ್ಕಿಸುತ್ತಾರೆ. ಸೈಟಿಗೆ ಹಿಮ ತುಂಬದಿರಲಿ ಅಂತ ಹಾಕಿದ ಮುಚ್ಚಳ ತೆಗೆಯುತ್ತಾರೆ. ಆಮೇಲೆ ಒಂದು ಉಸಿರು ಪೂರ್ತಿ ಬಿಟ್ಟು, ಇನ್ನೊಂದು ಎಳೆಯುವ ಮುಂಚಿನ ಆ ಚಿಕ್ಕ ಸಂದಿಯಲ್ಲಿ ಟ್ರಿಗರ್. ಮತ್ತೆ ಉಸಿರು, ಮತ್ತೆ ಟ್ರಿಗರ್. ಚೆನ್ನಾಗಿ ಹೊಡೆಯುವವರು ಚಾಪೆ ತಲುಪಿ, ಐದು ಗುಂಡು ಮುಗಿಸಿ, ರೈಫಲ್ ಬೆನ್ನಿಗೇರಿಸಿ ಎದ್ದು ಹೋಗಲು ಅರ್ಧ ನಿಮಿಷ ಸಾಕು. ನಿಂತು ಹೊಡೆಯುವಾಗ ಮಾತ್ರ ಕಷ್ಟ ಜಾಸ್ತಿ. ನಳಿಗೆಯ ತುದಿ ಎದೆಬಡಿತದ ಜೊತೆ ಕುಣಿಯುತ್ತಿರುತ್ತದೆ. ಅದನ್ನು ನಿಲ್ಲಿಸೋಕೆ ಆಗಲ್ಲ. ಗುರಿಯ ಮೇಲೆ ಬಂದ ಕ್ಷಣಕ್ಕೆ ಬೆರಳು ಸಿದ್ಧವಾಗಿರಬೇಕು, ಅಷ್ಟೇ.

ತಪ್ಪಿದರೆ ಶಿಕ್ಷೆ ಎರಡು ಥರ. ಮಹಿಳೆಯರ 15 ಕಿಲೋಮೀಟರ್ ಇಂಡಿವಿಜುವಲ್ ರೇಸ್‌ನಲ್ಲಿ (ಇದು ಒಬ್ಬೊಬ್ಬರಾಗಿ ಹೊರಡುವ ಉದ್ದದ ರೇಸ್‌ನ ಹೆಸರು) ನಾಲ್ಕು ಸಲ ರೇಂಜ್‌ಗೆ ಬಂದು, ಸಲಕ್ಕೆ ಐದರಂತೆ 20 ಗುಂಡು ಹೊಡೆಯಬೇಕು. ಒಂದು ತಪ್ಪಿದರೆ ಸಮಯಕ್ಕೆ ಒಂದು ನಿಮಿಷ ಸೇರಿಸುತ್ತಾರೆ. ಸ್ಪ್ರಿಂಟ್, ಪರ್ಸ್ಯೂಟ್, ಮಾಸ್ ಸ್ಟಾರ್ಟ್‌ಗಳಲ್ಲಿ ಪ್ರತಿ ತಪ್ಪಿಗೆ 150 ಮೀಟರ್‌ನ ಚಿಕ್ಕ ಸುತ್ತು, ಸುಮಾರು 25 ಸೆಕೆಂಡು ಹೋಯಿತು ಅಂತ ಇಟ್ಟುಕೊಳ್ಳಿ. ಸ್ಪ್ರಿಂಟ್ ಅಂದರೆ ಚಿಕ್ಕ ದೂರದ ರೇಸ್. ಪರ್ಸ್ಯೂಟ್ ಅಂದರೆ ಹಿಂದಿನ ರೇಸ್‌ನ ಅಂತರದಂತೆ ಒಬ್ಬರ ಹಿಂದೆ ಒಬ್ಬರು ಹೊರಟು ಬೆನ್ನಟ್ಟುವುದು. ಮಾಸ್ ಸ್ಟಾರ್ಟ್ ಅಂದರೆ ಎಲ್ಲರೂ ಒಟ್ಟಿಗೆ ಹೊರಡುವುದು. ಈ ಲೆಕ್ಕ ತಲೆಯಲ್ಲಿರಲಿ. ನಿಮ್ಮ ಮೊದಲ ಪ್ರಶ್ನೆಗೆ ಬೇಕಾಗುತ್ತದೆ.

ಫೋರ್ಸ್‌ಬರ್ಗ್ ಹುಟ್ಟಿದ್ದು 1967ರಲ್ಲಿ, ಉತ್ತರ ಸ್ವೀಡನ್ನಿನ ಉಲ್ಲೋಂಗರ್ ಅನ್ನುವ ಊರಲ್ಲಿ. ಬಂದೂಕು ಹಿಡಿದು ಬೆಳೆದವರೇನಲ್ಲ. ಮೊದಲು ಬರೀ ಕ್ರಾಸ್‌ಕಂಟ್ರಿ ಸ್ಕೀಯಿಂಗ್. ಆಗಿನ ಹೆಸರು ಮಗ್ದಲೇನಾ ವಲೀನ್. 1987ರ ಓಬರ್ಸ್ಟ್‌ಡಾರ್ಫ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರಿಲೇ ಕಂಚು ಗೆದ್ದ ಸ್ವೀಡನ್ ತಂಡದಲ್ಲಿ ಇದ್ದರು. ಇನ್ನೂ 19 ವರ್ಷ. ಅಲ್ಲಿಂದ ಮುಂದೆ ಅಂಥ ಹೆಸರೇನೂ ಬರಲಿಲ್ಲ. 1990ರ ದಶಕದಲ್ಲಿ ರೈಫಲ್ ಕೈಗೆತ್ತಿಕೊಂಡರು. ಬಯಾಥ್ಲಾನ್ ತಂಡಕ್ಕೆ ಜರ್ಮನಿಯ ರೂಪೋಲ್ಡಿಂಗ್‌ನ ವೋಲ್ಫ್‌ಗಾಂಗ್ ಪಿಖ್ಲರ್ ಕೋಚ್ ಆಗಿ ಬಂದರು. ಈ ಮನುಷ್ಯನ ಹೆಸರು ನೆನಪಿಟ್ಟುಕೊಳ್ಳಿ, ಸ್ವೀಡನ್ನಿನ ಕಥೆಯಲ್ಲಿ ಅಲ್ಲಲ್ಲಿ ಸಿಗುತ್ತಾ ಹೋಗುತ್ತಾರೆ.

1997ರಲ್ಲಿ ಸ್ಲೊವಾಕಿಯಾದ ಓಸರ್ಬ್ಲಿಯೆಯಲ್ಲಿ ವಿಶ್ವ ಚಾಂಪಿಯನ್‌ಷಿಪ್. ಫೋರ್ಸ್‌ಬರ್ಗ್ ಇಂಡಿವಿಜುವಲ್ ಗೆದ್ದರು, ಪರ್ಸ್ಯೂಟ್ ಕೂಡ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪರ್ಸ್ಯೂಟ್ ಆಡಿಸಿದ್ದು ಅದೇ ಮೊದಲು. ಅಂದರೆ ಆ ರೇಸ್‌ನ ಮೊಟ್ಟಮೊದಲ ಮಹಿಳಾ ಚಾಂಪಿಯನ್ ಈಕೆಯೇ. ಅದೇ ಚಳಿಗಾಲ ವಿಶ್ವಕಪ್‌ನ ಒಟ್ಟು ಅಂಕದಲ್ಲೂ ಮೊದಲಿಗರಾದರು. ಆ ಮೊದಲ ಸ್ಥಾನವನ್ನು 2002ರವರೆಗೆ ಯಾರಿಗೂ ಬಿಟ್ಟುಕೊಡಲಿಲ್ಲ. ಸತತ ಆರು ಸೀಸನ್! ಮಹಿಳೆಯರಲ್ಲಿ ಬೇರೆ ಯಾರೂ ಅಷ್ಟು ಸಲ ಗೆದ್ದಿಲ್ಲ. ಗಂಡಸರಲ್ಲಿ ಇದನ್ನು ದಾಟಿದ್ದು ಫ್ರಾನ್ಸ್‌ನ ಮಾರ್ಟಿನ್ ಫೂರ್ಕಾಡ್ ಒಬ್ಬರೇ, ಏಳು ಸಲ. ಮಹಾ ದಿಗ್ಗಜ ಅನ್ನಿಸಿಕೊಂಡ ನಾರ್ವೆಯ ಬ್ಯೋರ್ನ್‌ಡಾಲನ್ ಕೂಡ ಆರಕ್ಕೇ ನಿಂತರು, ಅದೂ ಸತತವಾಗಿ ಅಲ್ಲ. ಫೋರ್ಸ್‌ಬರ್ಗ್ ಗೆದ್ದ ವಿಶ್ವಕಪ್ ರೇಸ್‌ಗಳು 42. ವೈಯಕ್ತಿಕ ವಿಶ್ವ ಚಿನ್ನ ಆರು: ಓಸರ್ಬ್ಲಿಯೆಯ ಎರಡು, 1998 ಮತ್ತು 2000ದ ಪರ್ಸ್ಯೂಟ್, 2001ರಲ್ಲಿ ಸ್ಲೊವೇನಿಯಾದ ಪೊಕ್ಲ್ಯುಕಾದಲ್ಲಿ ಇಂಡಿವಿಜುವಲ್ ಮತ್ತು ಮಾಸ್ ಸ್ಟಾರ್ಟ್.

ಈ ವಿಶ್ವಕಪ್ ಅಂದರೆ ನಮ್ಮ ಕ್ರಿಕೆಟ್ ವಿಶ್ವಕಪ್ ಥರ ಒಂದು ತಿಂಗಳ ಜಾತ್ರೆ ಅಲ್ಲ. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಊರಿಂದ ಊರಿಗೆ ಹೋಗುತ್ತಾ ಆಡುವ ಸರಣಿ. ಈಗಿನ ಲೆಕ್ಕದಲ್ಲಿ ಒಂದು ರೇಸ್ ಗೆದ್ದರೆ 90 ಅಂಕ, ಎರಡನೆಯವರಿಗೆ 75, ಮೂರನೆಯವರಿಗೆ 65, ಹೀಗೇ ಇಳಿಯುತ್ತಾ 40ನೇ ಸ್ಥಾನದವರೆಗೂ ಏನೋ ಒಂದಿಷ್ಟು ಸಿಗುತ್ತದೆ. ಫೋರ್ಸ್‌ಬರ್ಗ್ ಕಾಲದಲ್ಲಿ ಅಂಕಗಳು ಬೇರೆ, ರೀತಿ ಮಾತ್ರ ಇದೇ. ಒಂದು ದಿನ ಮಂಜು, ಇನ್ನೊಂದು ದಿನ ಗಾಳಿ. ಒಂದು ಕಡೆ ಗಟ್ಟಿ ಹಿಮ, ಇನ್ನೊಂದು ಕಡೆ ಮಳೆಗೆ ಕರಗಿದ ಹಿಮ. ನೆಗಡಿ ಹಿಡಿದರೂ ರೇಸ್ ನಿಲ್ಲುವುದಿಲ್ಲ. ಇಷ್ಟೆಲ್ಲದರ ನಡುವೆ ಆರು ಚಳಿಗಾಲ ಒಬ್ಬರೇ ಮೊದಲಿರುವುದು ಅದೃಷ್ಟದಿಂದ ಆಗೋ ಕೆಲಸ ಅಲ್ಲ ಮೇಷ್ಟ್ರೇ.

ಸರಿ, ಹಾಗಾದರೆ ಒಲಿಂಪಿಕ್ಸ್‌ನಲ್ಲಿ ಏನಾಯಿತು?

1998ರಲ್ಲಿ ಜಪಾನಿನ ನಾಗಾನೋ ಒಲಿಂಪಿಕ್ಸ್‌ಗೆ ಫೋರ್ಸ್‌ಬರ್ಗ್ ಹೋದಾಗ, ಈಕೆಯೇ ಗೆಲ್ಲುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆಡಿದ ಎರಡೂ ವೈಯಕ್ತಿಕ ರೇಸ್‌ಗಳಲ್ಲಿ ಮೊದಲ ಹತ್ತರೊಳಗೂ ಬರಲಿಲ್ಲ. ಸ್ವೀಡನ್ನಿಗೆ ಭಾರೀ ನಿರಾಸೆ. ‘ಒತ್ತಡ ತಡೆಯಲಾಗಲಿಲ್ಲ’ ಅಂತ ಹೇಳಿ ಕೈತೊಳೆದುಕೊಳ್ಳೋದು ಸುಲಭ. ನನಗೆ ಆ ವಿವರಣೆ ಅಷ್ಟಾಗಿ ಹಿಡಿಸುವುದಿಲ್ಲ. ಯಾಕೆ ಅಂದರೆ, ಆ ಸಲ ಮಹಿಳೆಯರಿಗೆ ಇದ್ದದ್ದೇ ಎರಡು ವೈಯಕ್ತಿಕ ರೇಸ್, ಜೊತೆಗೆ ರಿಲೇ. ಪರ್ಸ್ಯೂಟ್ ಒಲಿಂಪಿಕ್ಸ್‌ಗೆ ಬಂದದ್ದು 2002ರಲ್ಲಿ, ಮಾಸ್ ಸ್ಟಾರ್ಟ್ 2006ರಲ್ಲಿ. ಫೋರ್ಸ್‌ಬರ್ಗ್ ಅವರ ಕೈ ಮೇಲಿದ್ದ ರೇಸ್ ಪರ್ಸ್ಯೂಟ್, ಅದೇ ಅಲ್ಲಿ ಇರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಇಲ್ಲ ಅನ್ನೋ ಕಾರಣಕ್ಕೇ ಅದೇ ಚಳಿಗಾಲ ಪರ್ಸ್ಯೂಟ್‌ಗೆ ಬೇರೆಯಾಗಿ ವಿಶ್ವ ಚಾಂಪಿಯನ್‌ಷಿಪ್ ನಡೆಸಿದರು. ಗೆದ್ದವರು ಯಾರು? ಫೋರ್ಸ್‌ಬರ್ಗ್.

ಒಂದು ನಿಮಿಷದ ಶಿಕ್ಷೆಯ ಲೆಕ್ಕವನ್ನು ಈಗ ನೆನಪಿಸಿಕೊಳ್ಳಿ. ನಾಗಾನೋದ ಇಂಡಿವಿಜುವಲ್ ಗೆದ್ದವರು ಬಲ್ಗೇರಿಯಾದ ಎಕತೆರೀನಾ ದಫೋವ್ಸ್ಕಾ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆ ದೇಶಕ್ಕೆ ಅದು ಮೊದಲ ಚಿನ್ನ. ಸ್ಪ್ರಿಂಟ್‌ನಲ್ಲಿ ರಷ್ಯಾದ ಗಲೀನಾ ಕುಕ್ಲೆವಾ ಜರ್ಮನಿಯ ಉಶಿ ಡಿಸ್ಲ್‌ರನ್ನು ಸೋಲಿಸಿದ್ದು 0.7 ಸೆಕೆಂಡಿನಿಂದ. ಏಳೂವರೆ ಕಿಲೋಮೀಟರ್ ಓಡಿ, ಹತ್ತು ಗುಂಡು ಹೊಡೆದು, ಕೊನೆಗೆ ಒಂದು ಸೆಕೆಂಡಿಗಿಂತ ಕಡಿಮೆ. ಹೀಗಿರುವಾಗ ಒಂದೇ ಗುಂಡು ತಪ್ಪಿದರೂ ಪದಕ ಕೈತಪ್ಪಬಹುದು. ಆ ಡಿಸ್ಲ್‌ಗೂ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಚಿನ್ನ ಸಿಗಲೇ ಇಲ್ಲ. ಆದರೆ ಜರ್ಮನಿಗೆ ಗಟ್ಟಿ ರಿಲೇ ತಂಡ ಇತ್ತು. ಡಿಸ್ಲ್ ಎರಡು ಚಿನ್ನ ಅಲ್ಲಿಂದ ತಂದರು. ಫೋರ್ಸ್‌ಬರ್ಗ್ ಕಾಲದ ಸ್ವೀಡನ್ ಮಹಿಳೆಯರಲ್ಲಿ ಅಂಥ ನಾಲ್ವರು ಇರಲಿಲ್ಲ. ಪದಕಪಟ್ಟಿ ಇದನ್ನೆಲ್ಲ ಹೇಳುವುದಿಲ್ಲ.

2002ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಒಲಿಂಪಿಕ್ಸ್ ಹೊತ್ತಿಗೆ ಫೋರ್ಸ್‌ಬರ್ಗ್‌ಗೆ 34 ವರ್ಷ. ರೇಸ್ ನಡೆದದ್ದು ಸೋಲ್ಜರ್ ಹಾಲೋದಲ್ಲಿ, ಸಮುದ್ರಮಟ್ಟದಿಂದ 1,600 ಮೀಟರ್‌ಗೂ ಎತ್ತರ. ಇಂಡಿವಿಜುವಲ್‌ನಲ್ಲಿ ಜರ್ಮನಿಯ ಆಂದ್ರೆಯಾ ಹೆಂಕೆಲ್, ನಾರ್ವೆಯ ಲೀವ್ ಗ್ರೇಟೆ ಪುಆರೇ ಅವರ ಹಿಂದೆ ಮೂರನೆಯವರು. ಸ್ಪ್ರಿಂಟ್‌ನಲ್ಲಿ ಜರ್ಮನಿಯ ಕಾಟಿ ವಿಲ್ಹೆಲ್ಮ್, ಡಿಸ್ಲ್ ಅವರ ಹಿಂದೆ ಮತ್ತೆ ಮೂರು. ನೀವು ‘ಬರೀ’ ಅಂದ ಎರಡು ಕಂಚು ಇವೇ. ಆ ಸೀಸನ್‌ನ ವಿಶ್ವಕಪ್ಪನ್ನೂ ಗೆದ್ದು ರೈಫಲ್ ಕೆಳಗಿಟ್ಟರು.

ಇನ್ನು ಹನ್ನಾ ಓಬರ್ಗ್. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೋಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ, 22ನೇ ವಯಸ್ಸಿಗೆ, 20ಕ್ಕೆ 20 ಗುಂಡು ಹೊಡೆದು ಇಂಡಿವಿಜುವಲ್ ಚಿನ್ನ ಗೆದ್ದರು. ಅದಕ್ಕೆ ಮುಂಚೆ ಒಂದೇ ಒಂದು ವಿಶ್ವಕಪ್ ರೇಸ್ ಗೆದ್ದಿರಲಿಲ್ಲ. ನಿಮ್ಮ ಅಳತೆಕೋಲಿನ ತೊಂದರೆ ನನಗೆ ಕಾಣೋದು ಇಲ್ಲೇ. ಅದೇ ದಿನಕ್ಕೆ ನಿಂತು ನೋಡಿದ್ದರೆ ಆಕೆ ಫೋರ್ಸ್‌ಬರ್ಗ್‌ಗಿಂತ ದೊಡ್ಡವರು ಅಂತ ಯಾರಾದರೂ ಹೇಳುತ್ತಿದ್ದರಾ? ಹನ್ನಾ ಅವರನ್ನು ನಾನು ಕಡೆಗಣಿಸುತ್ತಿಲ್ಲ. ಮರುವರ್ಷವೇ ಸ್ವಂತ ನೆಲದ ಓಸ್ಟರ್‌ಸುಂಡ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 2022ರ ಬೀಜಿಂಗ್‌ನಲ್ಲಿ ತಂಗಿ ಎಲ್ವೀರಾ ಜೊತೆ ರಿಲೇ ಚಿನ್ನ ಗೆದ್ದರು. 2023ರಲ್ಲಿ ಓಬರ್‌ಹೋಫ್‌ನಲ್ಲಿ ಇನ್ನೆರಡು ವೈಯಕ್ತಿಕ ವಿಶ್ವ ಚಿನ್ನ. ದೊಡ್ಡ ಆಟಗಾರ್ತಿಯೇ, ಸಂಶಯ ಬೇಡ. ಪ್ಯೋಂಗ್‌ಚಾಂಗ್‌ನಲ್ಲಿ ಆಕೆಯ ತಂಡದ ಕೋಚ್ ಯಾರು ಅಂದಿರಿ? ಅದೇ ಪಿಖ್ಲರ್. ನಡುವೆ ರಷ್ಯಾಕ್ಕೆ ಹೋಗಿ ಬಂದಿದ್ದರು.

ಫೋರ್ಸ್‌ಬರ್ಗ್ ತೆರೆದ ದಾರಿಯಲ್ಲೇ ಆಮೇಲೂ ಜನ ಬಂದರು. ಕ್ರಾಸ್‌ಕಂಟ್ರಿಯಿಂದ ಬಂದ ಆನಾ ಕಾರಿನ್ ಓಲೊಫ್ಸನ್ 2006ರ ಟುರಿನ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಆದರೆ ಎಲ್ಲರಿಗೂ ಅದು ಒಲಿಯುವುದಿಲ್ಲ. 2018ರಲ್ಲಿ ಸ್ಕೀ ಸ್ಪ್ರಿಂಟ್‌ನ ಒಲಿಂಪಿಕ್ ಚಿನ್ನ ಗೆದ್ದಿದ್ದ ಸ್ಟೀನಾ ನಿಲ್ಸನ್ 2020ರಲ್ಲಿ ಬಯಾಥ್ಲಾನ್‌ಗೆ ಬಂದು, ಕೆಲವು ಚಳಿಗಾಲ ಒದ್ದಾಡಿ, ಮತ್ತೆ ಬರೀ ಸ್ಕೀಯಿಂಗ್‌ಗೆ ಮರಳಿದರು. ಕಾಲಲ್ಲಿ ವೇಗ ಇದ್ದರೆ ಸಾಲದು. ಆ ಐದು ಗುರಿಗಳ ಮುಂದೆ ಎಲ್ಲರೂ ಮೊದಲಿಂದ ಕಲಿಯಬೇಕು.

ಹಾಗಾಗಿ ನಮ್ಮ ಮಾತನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ನಿಮ್ಮ ತಕರಾರು ಮುಂದುವರಿದರೆ ಬರೆಯಿರಿ, ಖಂಡಿತ ಹಾಕುತ್ತೇವೆ.

ಕೊನೆಯದಾಗಿ ಶಾಲೆಯ ಮೈದಾನ. ಆಡಿಸಬಹುದು, ಸುಮ್ನೆ ಹಿಮ ಹುಡುಕಬೇಡಿ. ಸ್ವೀಡನ್ನಿನವರೂ ಬೇಸಿಗೆಯಲ್ಲಿ ಡಾಂಬರು ರಸ್ತೆ ಮೇಲೆ ಚಕ್ರದ ಸ್ಕೀ ಹಾಕಿಕೊಂಡೇ ಅಭ್ಯಾಸ ಮಾಡುತ್ತಾರೆ. ನಿಮ್ಮ ಮಕ್ಕಳು ಓಡಲಿ. ಮೈದಾನಕ್ಕೆ ಒಂದು ಸುತ್ತು ಹಾಕಿ ಬಂದವರು ಗೆರೆಯ ಹಿಂದೆ ನಿಂತು, ಲಗೋರಿ ಚೆಂಡಿನಿಂದ ಐದು ಖಾಲಿ ಡಬ್ಬ ಬೀಳಿಸಬೇಕು. ಐದೇ ಎಸೆತ. ಉಳಿದ ಒಂದೊಂದು ಡಬ್ಬಕ್ಕೂ ಒಂದೊಂದು ಚಿಕ್ಕ ಸುತ್ತು, ಆಮೇಲೆ ಮತ್ತೆ ದೊಡ್ಡ ಸುತ್ತು. ಇದನ್ನು ಎರಡು ಸಲ ಮಾಡಿಸಿದರೆ ಸ್ಪ್ರಿಂಟ್, ನಾಲ್ಕು ಸಲ ಆದರೆ ಪರ್ಸ್ಯೂಟ್. ಎರಡನೇ ಸಲ ಗೆರೆಯನ್ನು ಸ್ವಲ್ಪ ಹಿಂದೆ ಸರಿಸಿ, ಆಗ ಗೊತ್ತಾಗುತ್ತದೆ ಯಾರು ಎಷ್ಟು ಜೋರಾಗಿ ಓಡಿ ಬರಬೇಕಿತ್ತು ಅಂತ. ಚಿಕ್ಕ ಸುತ್ತು ಎಣಿಸೋಕೆ ಮಾತ್ರ ಒಬ್ಬ ಗಟ್ಟಿ ಹುಡುಗಿಯನ್ನು ನಿಲ್ಲಿಸಿ. ಮಕ್ಕಳು ಒಂದು ಸುತ್ತು ನುಂಗಿಬಿಡುತ್ತಾರೆ. ಅಸಲಿ ಆಟದಲ್ಲಿ ಹಾಗೆ ಒಂದು ಸುತ್ತು ತಪ್ಪಿಸಿದರೆ ಎರಡು ನಿಮಿಷ ದಂಡ.

— ಸಂಪಾದಕ