ಹುತ್ತದ ಅಣಬೆ ಮನೆಯಲ್ಲಿ ಏಕೆ ಬೆಳೆಯದು?

ಪ್ರಶ್ನೆ: ತೋಟದ ಹುತ್ತದಲ್ಲಿ ಏಳುವ ಅಣಬೆಯನ್ನು ಒಣಗಿಸಿ, ಪುಡಿ ಮಾಡಿ ಮಣ್ಣಿಗೆ ಬೆರೆಸಿದೆ. ಒಂದೂ ಹುಟ್ಟಲಿಲ್ಲ. ಇದರ ಬೀಜ ಎಲ್ಲಿ ಸಿಗುತ್ತದೆ?

ಎಲ್ಲೂ ಸಿಗುವುದಿಲ್ಲ. ಮಳೆ ಹಿಡಿಯಿತೆಂದರೆ ಇದೇ ಪ್ರಶ್ನೆ, ಪ್ರತಿ ವರ್ಷ. ‘ಹುತ್ತದ ಅಣಬೆ ಬೀಜ’ ಎಂದು ಯಾರಾದರೂ ಪೊಟ್ಟಣ ಮಾರಿದರೆ ಅದು ಶುದ್ಧ ಮೋಸ, ದುಡ್ಡು ಕೊಡಬೇಡಿ.

ಇದು ಟರ್ಮಿಟೊಮೈಸಿಸ್ ಕುಲದ ಶಿಲೀಂಧ್ರ. ವರ್ಷವಿಡೀ ಅದು ನೆಲದೊಳಗೆ ಗೆದ್ದಲಿನ ಗೂಡಿನಲ್ಲಿರುತ್ತದೆ. ಗೆದ್ದಲು ಕಟ್ಟಿಗೆ, ತರಗೆಲೆ ತಿಂದು ಹಾಕಿದ ಹಿಕ್ಕೆಯಿಂದಲೇ ಜೇನುತಟ್ಟಿಯಂಥ ತಟ್ಟಿಯನ್ನು ಕಟ್ಟುತ್ತದೆ. ಅದರ ಮೇಲೆ ಶಿಲೀಂಧ್ರದ ಎಳೆಗಳು ಹಬ್ಬಿ, ಗೆದ್ದಲಿಗೆ ಅರಗದ ನಾರನ್ನು ಕರಗಿಸುತ್ತವೆ. ಅಲ್ಲಿ ಮೂಡುವ ಬಿಳಿ ಗುಳಿಗೆಗಳೇ ಗೆದ್ದಲಿನ ಆಹಾರ. ಗೆದ್ದಲು ಬಿಟ್ಟುಹೋದ ಗೂಡಿನಲ್ಲಿ ಬೇರೆ ಬೂಷ್ಟು ಏರಿ ಇದನ್ನು ಮುಗಿಸಿಬಿಡುತ್ತದೆ. ನಿಮ್ಮ ಕುಂಡದಲ್ಲಿ ಈ ಆರೈಕೆ ಮಾಡುವವರು ಯಾರು?

ನೀವು ಕೀಳುವ ಕೊಡೆ ಬೀಜಾಣು ಉದುರಿಸಲೆಂದೇ ಮೇಲೆ ಬಂದ ಅಂಗ. ಒಂದೇ ಬೀಜಾಣುವಿನಿಂದ ಅಣಬೆ ಸಾಮಾನ್ಯವಾಗಿ ಏಳುವುದಿಲ್ಲ. ಅದರ ಎಳೆ, ಹೊಂದುವ ಇನ್ನೊಂದು ಬೀಜಾಣುವಿನ ಎಳೆಯನ್ನು ಕೂಡಬೇಕು. ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು, ಹಾರಿ ಹೊಸ ಗೂಡು ಕಟ್ಟಿದಾಗ ಬಹುತೇಕ ಜಾತಿಗಳಲ್ಲಿ ಗೂಡಿನೊಳಗೆ ಶಿಲೀಂಧ್ರವೇ ಇರುವುದಿಲ್ಲ. ಮೊದಲ ಕೆಲಸಗಾರ ಗೆದ್ದಲುಗಳು ಮೇವಿನ ಜೊತೆ ಬೀಜಾಣುಗಳನ್ನು ಹೊರಗಿನಿಂದ ತರಬೇಕು. ಹಾಗಾಗಿ ಕಿತ್ತುಕೊಳ್ಳುವಾಗ ಅರಳಿದ ಕೆಲವನ್ನಾದರೂ ಬಿಡಿ. ಹುತ್ತ ಅಗೆಯಬೇಡಿ, ಗೆದ್ದಲಿನ ಔಷಧಿಯನ್ನಂತೂ ಸುರಿಯಲೇಬೇಡಿ. ಗೆದ್ದಲು ಸತ್ತರೆ ಅಣಬೆಯೂ ಹೋಯಿತು.

ಬೆಳೆಸುವ ಆಸೆಯಿದ್ದರೆ ಚಿಪ್ಪಣಬೆ ಬೆಳೆಸಿ. ಅದು ಒಣ ಹುಲ್ಲಿನ ಮೇಲೂ ಬದುಕುತ್ತದೆ. ಅಂಗಡಿಯವರು ‘ಬೀಜ’ ಎಂದು ಕೊಡುವುದು ಎಳೆ ಹಬ್ಬಿಸಿದ ಜೋಳದ ಕಾಳು; ಹಾಲಿಗೆ ಹೆಪ್ಪು ಇದ್ದ ಹಾಗೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ.

ಪ್ರಶ್ನೆ: ಗುಡುಗಿದರೆ ಅಣಬೆ ಏಳುತ್ತದಂತೆ, ನಿಜವೇ?

ನೆಲ ನೆನೆಯದೆ ಎಷ್ಟು ಗುಡುಗಿದರೂ ಏಳುವುದಿಲ್ಲ.

ಪ್ರಶ್ನೆ: ಬೇಯುವಾಗ ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದಲ್ಲವೇ?

ಖಂಡಿತ ಕೂಡದು! ಬೆಳ್ಳುಳ್ಳಿ, ಅಕ್ಕಿ, ಅರಿಸಿನದ ಪರೀಕ್ಷೆಗಳೂ ಅಷ್ಟೇ ಸುಳ್ಳು. ಇದನ್ನು ಹೇಳಿಕೊಡುವ ವಿಡಿಯೊಗಳು ಜೀವ ತೆಗೆಯುತ್ತವೆ. ಕೆಲವು ಅಣಬೆಗಳ ವಿಷ ಎಷ್ಟು ಬೇಯಿಸಿದರೂ ಹೋಗದು. ತಿಂದು 6ರಿಂದ 24 ಗಂಟೆಯವರೆಗೆ ಏನೂ ಕಾಣಿಸದೆ, ಆಮೇಲೆ ವಾಂತಿ-ಭೇದಿ ಶುರುವಾಗುತ್ತದೆ. ಅದು ನಿಂತು ಹುಷಾರಾದಂತೆ ತೋರುವಾಗಲೇ ಯಕೃತ್ತು ಹಾಳಾಗುತ್ತಿರುತ್ತದೆ. ಸಂಶಯ ಬಂದ ಕೂಡಲೇ ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಡಿ. ನಾಟಿ ಔಷಧಿ ಹುಡುಕುತ್ತ ಕೂರಬೇಡಿ.