ಯಾರಿಗೆ ಈ ದೀಪ?

ಪ್ರಶ್ನೆ: ನನಗೆ 41 ವರ್ಷ. ತಿಪಟೂರಿನ ಹತ್ತಿರ ಒಂದು ಹಳ್ಳಿ, ತೆಂಗಿನ ತೋಟ ಇದೆ. ಅಪ್ಪ ಹೋಗಿ ಎರಡು ವರ್ಷ ಆಗ್ತಾ ಬಂತು. ಆಗಿನಿಂದ ಸಂಜೆ ದೇವರ ಮನೆಯಲ್ಲಿ ದೀಪ ಹಚ್ಚುವಾಗೆಲ್ಲ ‘ಯಾರಿಗೆ ಇದು?’ ಅನ್ನಿಸುತ್ತೆ. ದೇವರಿದ್ದಾನೆ ಅಂತ ನಂಬೋಕೆ ಆಗ್ತಿಲ್ಲ, ಇಲ್ಲ ಅನ್ನೋ ಧೈರ್ಯವೂ ಇಲ್ಲ. ಏಳು ವರ್ಷದ ಮಗಳು ‘ತಾತ ಎಲ್ಲಿ?’ ಅಂದಾಗ ಒಂದು ನಕ್ಷತ್ರ ತೋರಿಸಿಬಿಟ್ಟೆ. ಸುಳ್ಳು ಹೇಳಿದೆ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅಪ್ಪ ಅಟ್ಟಕ್ಕೆ ಹಾಕಿದ್ದ ಕಾಯಿಯನ್ನು ಅವರು ಹೋದ ಎಂಟು ತಿಂಗಳಿಗೆ ನಾನೇ ಇಳಿಸಿ ಸುಲಿಸಿದೆ, ಅವತ್ತೊಂದು ದಿನ ಇದ್ಯಾವುದೂ ತಲೆಗೆ ಬರಲಿಲ್ಲ. ಮುಂದಿನ ತಿಂಗಳು ಎರಡನೇ ವರ್ಷದ ತಿಥಿ. ಎಡೆ ಇಟ್ಟರೆ ನಾಟಕ ಆಡಿದ ಹಾಗೆ, ಇಡದಿದ್ದರೆ ಅಮ್ಮ ಕುಗ್ಗಿಹೋಗ್ತಾರೆ. ಯಾವುದಕ್ಕೂ ಅರ್ಥ ಇಲ್ಲ ಅಂದಮೇಲೆ ಬದುಕೋದಾದರೂ ಯಾಕೆ ಸರ್?

ಉತ್ತರ: ನಿಮ್ಮ ಕೊನೆಯ ವಾಕ್ಯ ಮೊದಲು. ‘ಬದುಕೋದು ಯಾಕೆ’ ಅನ್ನುವುದನ್ನು ಜನ ಎರಡು ಥರ ಕೇಳುತ್ತಾರೆ. ಒಂದು, ಊಟ ಮಾಡಿ ಜಗಲಿ ಮೇಲೆ ಕೂತು ಕೇಳುವುದು. ಇನ್ನೊಂದು, ಊಟವೇ ಸೇರದೆ ಕೇಳುವುದು. ನಿಮ್ಮದು ಯಾವುದು ಎಂದು ನನಗೆ ಪತ್ರದಿಂದ ತಿಳಿಯಲಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಹಸಿವು ಕೆಟ್ಟಿದ್ದರೆ, ತೋಟಕ್ಕೆ ಕಾಲಿಡಲೂ ಬೇಸರವಾಗಿದ್ದರೆ, ಸತ್ತರೆ ಸಾಕು ಎಂದು ಒಮ್ಮೆಯಾದರೂ ಅನ್ನಿಸಿದ್ದರೆ, ಈ ಅಂಕಣ ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾನು ತತ್ವಶಾಸ್ತ್ರದ ಮೇಷ್ಟರು. ಖಿನ್ನತೆಗೆ ನನ್ನ ಹತ್ತಿರ ಮದ್ದಿಲ್ಲ, ಮನೋವೈದ್ಯರ ಹತ್ತಿರ ಇದೆ.

ಹಾಗಿಲ್ಲ, ಇದು ಜಗಲಿಯ ಪ್ರಶ್ನೆಯೇ ಎಂದಾದರೆ ಮುಂದೆ ಓದಿ.

ದೇವರಿದ್ದಾನೋ ಇಲ್ಲವೋ ನನಗೂ ಗೊತ್ತಿಲ್ಲ. ಪ್ರತಿ ವರ್ಷ ತರಗತಿಯಲ್ಲಿ ಯಾರಾದರೊಬ್ಬ ಹುಡುಗ ಎದ್ದು ನಿಂತು, ‘ಅದೆಲ್ಲ ಇರಲಿ ಸಾರ್, ಇದ್ದಾನೋ ಇಲ್ವೋ, ಒಂದೇ ಮಾತಲ್ಲಿ ಹೇಳಿ’ ಅನ್ನುತ್ತಿದ್ದ. ಗೊತ್ತಿಲ್ಲ ಕಣೋ ಅಂದರೆ ಮೋಸ ಹೋದವನ ಹಾಗೆ ಮುಖ ಮಾಡುತ್ತಿದ್ದ. ‘ಗೊತ್ತಿಲ್ಲ’ ಅನ್ನುವುದು ಓದಿದವರಿಗೆ ಬಂದ ಹೊಸ ಕಾಯಿಲೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಋಗ್ವೇದದ ಹತ್ತನೇ ಮಂಡಲ, 129ನೇ ಸೂಕ್ತ ತೆಗೆದು ನೋಡಿ. ನಾಸದೀಯ ಸೂಕ್ತ ಅನ್ನುತ್ತಾರೆ, ಇರುವುದು ಏಳೇ ಮಂತ್ರ. ಈ ಸೃಷ್ಟಿ ಎಲ್ಲಿಂದ ಬಂತು, ಯಾರು ಬಲ್ಲರು ಎಂದು ಕೇಳುತ್ತಾ ಹೋಗಿ, ದೇವತೆಗಳೂ ಸೃಷ್ಟಿಯಾದ ಮೇಲೆ ಬಂದವರೇ ತಾನೆ ಅನ್ನುತ್ತದೆ. ಕೊನೆಯ ಮಂತ್ರ ಇನ್ನೂ ಒಂದು ಹೆಜ್ಜೆ ಮುಂದೆ: ಮೇಲೆ ಕೂತು ಇದನ್ನೆಲ್ಲ ನೋಡುತ್ತಿರುವವನಿಗೆ ಮಾತ್ರ ಗೊತ್ತಿರಬೇಕು, ಇಲ್ಲವೇ ಅವನಿಗೂ ಗೊತ್ತಿಲ್ಲವೇನೋ. ಅಲ್ಲಿಗೆ ಸೂಕ್ತ ಮುಗಿಯುತ್ತದೆ. ಆ ‘ಏನೋ’ವನ್ನು ಯಾರೂ ಅಳಿಸಲಿಲ್ಲ; ಸ್ವರ ತಪ್ಪದಂತೆ ಬಾಯಿಪಾಠ ಮಾಡಿ ಮಕ್ಕಳಿಗೆ ದಾಟಿಸುತ್ತಲೇ ಬಂದರು.

ಇನ್ನು ತಿಥಿ. ನಂಬಿಕೆಯಿಲ್ಲದೆ ಕರ್ಮ ಮಾಡಿದರೆ ಅದು ನಾಟಕ ಎಂದು ನೀವು ತೀರ್ಮಾನಿಸಿಬಿಟ್ಟಿದ್ದೀರಿ. ಈ ತೀರ್ಮಾನವನ್ನೇ ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಕರ್ಮಗಳ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರು ಪೂರ್ವಮೀಮಾಂಸಕರು. ಜಗತ್ತನ್ನು ಸೃಷ್ಟಿಸಿದ ಈಶ್ವರ ಒಬ್ಬನಿದ್ದಾನೆ ಅನ್ನುವುದನ್ನು ಅವರು ಒಪ್ಪಲೇ ಇಲ್ಲ. ಅವರಲ್ಲೊಬ್ಬನಾದ, ಏಳನೇ ಶತಮಾನದ ಆಸುಪಾಸಿನ ಕುಮಾರಿಲ ಭಟ್ಟ ಅಂಥ ಈಶ್ವರನಿದ್ದಾನೆ ಅನ್ನುವುದರ ವಿರುದ್ಧವೇ ದೊಡ್ಡ ವಾದ ಹೂಡಿದ. ಕರ್ಮಕ್ಕೆ ಫಲ ದೇವರು ಕೊಡುವುದಲ್ಲ, ಕರ್ಮದಿಂದಲೇ ಹುಟ್ಟುವ ‘ಅಪೂರ್ವ’ ಎಂಬ ಶಕ್ತಿ ಕೊಡುತ್ತದೆ ಎಂದು ಅವರ ಲೆಕ್ಕ. ಅವರಿಗೆ ವೇದದ ಮೇಲೆ, ಫಲದ ಮೇಲೆ ಪೂರ್ತಿ ಭರವಸೆಯಿತ್ತು. ನಿಮಗೆ ಅದೂ ಇಲ್ಲದಿರಬಹುದು, ಅವರನ್ನು ನಿಮ್ಮ ಪಕ್ಷಕ್ಕೆ ಎಳೆಯುತ್ತಿಲ್ಲ. ಆದರೆ ಎಡೆ ಇಡುವವನು ಮೊದಲು ದೇವರ ಲೆಕ್ಕ ಚುಕ್ತಾ ಮಾಡಿ ಬರಬೇಕು ಅನ್ನುವ ನಿಯಮ ನಮ್ಮ ಹಳಬರಲ್ಲೇ ಎಲ್ಲರೂ ಹಾಕಿದ್ದಲ್ಲ.

ನಾಟಕ ಯಾವುದು ಹೇಳಲಾ? ನಂಬದೆಯೇ ನಂಬಿದೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು. ಅಪ್ಪನಿಗೆ ಇಷ್ಟವಾದದ್ದನ್ನು ಬೇಯಿಸಿ ಎಲೆ ಮುಂದೆ ಒಂದು ನಿಮಿಷ ಸುಮ್ಮನೆ ನಿಲ್ಲುವುದರಲ್ಲಿ ನೀವು ಯಾವ ಹೇಳಿಕೆಗೂ ಸಹಿ ಹಾಕುತ್ತಿಲ್ಲ. ‘ಅಮ್ಮಾ, ಅಪ್ಪ ಬಂದು ತಿನ್ನುತ್ತಾರೆ ಅಂತ ನನಗೆ ಅನ್ನಿಸೊಲ್ಲ, ಆದರೂ ನಾನೇ ಇಡ್ತೀನಿ’ ಎಂದು ಮೊದಲೇ ಹೇಳಿಬಿಡಿ. ನಿಮ್ಮ ತಾಯಿಗೂ ಒಂದೆರಡು ಅನುಮಾನ ಇದ್ದರೆ ನನಗೇನೂ ಆಶ್ಚರ್ಯವಿಲ್ಲ. ಮದರ್ ತೆರೇಸಾ ತಮ್ಮ ಗುರುಗಳಿಗೆ ಬರೆದ ಖಾಸಗಿ ಪತ್ರಗಳು ಅವರು ತೀರಿಕೊಂಡ ಹತ್ತು ವರ್ಷಕ್ಕೆ, 2007ರಲ್ಲಿ, ಅಚ್ಚಾದವು. ನಾಶಮಾಡಿ ಎಂದು ಅವರೇ ಕೇಳಿಕೊಂಡಿದ್ದ ಪತ್ರಗಳು. ಒಳಗೆ ದೇವರ ಸುಳಿವೇ ಇಲ್ಲ, ಬರೀ ಕತ್ತಲೆ ಎಂದು ಆ ತಾಯಿ ಹತ್ತಾರು ವರ್ಷ ಬರೆದುಕೊಂಡಿದ್ದರು. ಹೊರಗೆ ಕೋಲ್ಕತ್ತದ ಬೀದಿಯಿಂದ ಸಾಯುವವರನ್ನು ಎತ್ತಿ ತಂದು ಶುಶ್ರೂಷೆ ಮಾಡುವ ಕೆಲಸ ನಡೆದೇ ಇತ್ತು. ನಂಬಿದವರ ಮನಸ್ಸು ಸದಾ ನೆಮ್ಮದಿಯಾಗಿರುತ್ತದೆ ಎಂದು ಹೊಟ್ಟೆಕಿಚ್ಚು ಪಡಬೇಡಿ.

‘ಯಾವುದಕ್ಕೂ ಇರಲಿ, ನಂಬಿಬಿಡು, ಇದ್ದರೆ ಲಾಭ, ಇಲ್ಲದಿದ್ದರೆ ನಷ್ಟವೇನೂ ಇಲ್ಲ’ ಅನ್ನುವವರು ಸಿಗುತ್ತಾರೆ. ಫ್ರಾನ್ಸಿನ ಗಣಿತಜ್ಞ ಪಾಸ್ಕಲ್ 17ನೇ ಶತಮಾನದಲ್ಲೇ ಇದನ್ನು ಚೊಕ್ಕವಾಗಿ ವಾದ ಮಾಡಿಟ್ಟ. ನನಗೆ ಇದು ದೇವರ ಹೆಸರಲ್ಲಿ ವಿಮೆ ಮಾಡಿಸಿದ ಹಾಗೆ ಕಾಣುತ್ತದೆ. ಕಂತು ಕಟ್ಟುವುದರಿಂದ ಪ್ರೀತಿ ಹುಟ್ಟಿದ್ದನ್ನು ನಾನು ಕಂಡಿಲ್ಲ.

ಮಾಲುಂಕ್ಯಪುತ್ತ ಎಂಬ ಭಿಕ್ಷು ಬುದ್ಧನ ಹತ್ತಿರ ಹೋಗಿ, ಲೋಕ ಶಾಶ್ವತವೋ ಅಲ್ಲವೋ, ಜೀವ ಬೇರೆ ದೇಹ ಬೇರೆಯೋ, ಹೇಳಿದರಷ್ಟೇ ನಿನ್ನ ಜೊತೆ ಇರುತ್ತೇನೆ ಎಂದು ಪಟ್ಟುಹಿಡಿದ. ವಿಷದ ಬಾಣ ನೆಟ್ಟವನು, ಹೊಡೆದವನು ಯಾವ ಜಾತಿ, ಎಷ್ಟು ಎತ್ತರ, ಬಿಲ್ಲಿನ ಹೆದೆ ಯಾವುದರದು ಎಂದು ತಿಳಿಯುವವರೆಗೆ ಬಾಣ ಕೀಳಬೇಡಿ ಅಂದರೆ ಏನಾಗುತ್ತದೆ ಎಂದು ಬುದ್ಧ ತಿರುಗಿ ಕೇಳಿದ. ಈ ಕಥೆ ನೀವು ಕೇಳಿರುತ್ತೀರಿ. ಬುದ್ಧ ಆ ಪ್ರಶ್ನೆಗಳಿಗೆ ಕೊನೆಗೂ ಉತ್ತರ ಹೇಳಲಿಲ್ಲ ಅನ್ನುವುದನ್ನು ಮಾತ್ರ ಮರೆಯುತ್ತೇವೆ.

ನೀವು ಹೋಗುವ ದಾರಿಯಲ್ಲಿ ಹೇಳಿ ಮುಂದೆ ಸಾಗಿದ ಒಂದು ಮಾತಿಗೆ ಬರುತ್ತೇನೆ. ಅಟ್ಟದ ಕಾಯಿ. ನಿಮ್ಮ ಕಡೆ ಕಾಯಿ ಅಟ್ಟಕ್ಕೆ ಹಾಕಿದರೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ಒಳಗಿನ ನೀರು ತಾನಾಗಿ ಆರಿ, ಕೊಬ್ಬರಿ ಚಿಪ್ಪು ಬಿಡಬೇಕು. ಅಪ್ಪ ಹಾಕಿದ್ದು ನಿಮ್ಮ ಕಾಲಕ್ಕೆ ಒಣಗಿತು. ನೀವು ಇಳಿಸಿ, ಒಂದೊಂದೇ ಅಲ್ಲಾಡಿಸಿ ನೋಡಿ, ಸುಲಿಸಿದಿರಿ. ಆ ದಿನ ‘ಅರ್ಥವೇನು’ ಅನ್ನುವುದು ತಲೆಗೆ ಬರಲಿಲ್ಲ ಎಂದು ನೀವೇ ಬರೆದಿದ್ದೀರಿ. ಕೆಲಸದ ಗಡಿಬಿಡಿಯಲ್ಲಿ ಮರೆತೆ ಎಂದು ನೀವು ಅಂದುಕೊಂಡಿರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಅವತ್ತು ಅಪ್ಪನ ಅರ್ಧ ಕೆಲಸ ನಿಮ್ಮ ಕೈಯಲ್ಲಿತ್ತು, ಆದ್ದರಿಂದ ಕೇಳುವ ಅಗತ್ಯ ಬೀಳಲಿಲ್ಲ. ಬದುಕಿನ ಅರ್ಥವನ್ನು ಒಟ್ಟಿಗೆ, ಒಂದೇ ಸಲಕ್ಕೆ ಕೇಳಿದಾಗ ನನಗೂ ಏನೂ ತೋಚುವುದಿಲ್ಲ. ಇವತ್ತಿನ ಮಟ್ಟಿಗೆ ಕೇಳಿದರೆ ಸಾಮಾನ್ಯವಾಗಿ ಏನಾದರೂ ಸಿಗುತ್ತದೆ. ದೀಪ ಯಾರಿಗೆ ಅನ್ನುವುದಕ್ಕೂ ಸದ್ಯಕ್ಕೆ ‘ಅಮ್ಮ ಕತ್ತಲೆಯಲ್ಲಿ ಕೂರದಿರಲಿ ಅಂತ’ ಅನ್ನುವ ಉತ್ತರ ಇಟ್ಟುಕೊಳ್ಳಿ. ಅದೂ ಬೇಡ ಅನ್ನಿಸಿದ ಸಂಜೆ ಹಚ್ಚಬೇಡಿ, ಅಮ್ಮನೇ ಹಚ್ಚಲಿ.

ಮಗಳ ವಿಷಯದಲ್ಲಿ ನನ್ನ ತಕರಾರು ನಕ್ಷತ್ರದ ಮೇಲಲ್ಲ. ಏಳು ವರ್ಷದ ಹೊತ್ತಿಗೆ ಬಹುತೇಕ ಮಕ್ಕಳಿಗೆ ಸತ್ತವರು ಮತ್ತೆ ಬರುವುದಿಲ್ಲ ಎಂದು ತಿಳಿಯುತ್ತಾ ಬಂದಿರುತ್ತದೆ. ‘ತಾತ ಮಲಗಿದ್ದಾರೆ’ ಎಂದು ಮಾತ್ರ ಯಾವತ್ತೂ ಹೇಳಬೇಡಿ, ಮಲಗಲು ಹೆದರುವ ಮಕ್ಕಳಿದ್ದಾರೆ. ‘ತಾತನ ಮೈ ಕೆಲಸ ಮಾಡೋದು ನಿಂತುಹೋಯ್ತು ಪುಟ್ಟಿ, ಮತ್ತೆ ಬರಲ್ಲ. ಆಮೇಲೆ ಏನಾಗುತ್ತೆ ಅಂತ ಅಜ್ಜಿ ಒಂದು ಹೇಳ್ತಾರೆ, ನಂಗೆ ಗೊತ್ತಿಲ್ಲ’ ಅನ್ನಿ. ಅಪ್ಪನಿಗೂ ಗೊತ್ತಿಲ್ಲದ್ದು ಇದೆ ಎಂದು ಅವಳು ಬೆಚ್ಚಿಬೀಳುವುದಿಲ್ಲ. ಹೆಚ್ಚೆಂದರೆ ಇನ್ನೂ ಹತ್ತು ಪ್ರಶ್ನೆ ಕೇಳಿಯಾಳು.

ಈ ಸಲ ಅಟ್ಟದಿಂದ ಕಾಯಿ ಇಳಿಸುವ ದಿನ ಅವಳನ್ನೂ ಹತ್ತಿರ ಕೂರಿಸಿಕೊಳ್ಳಿ. ಒಣಗಿದ ಒಂದು ಕಾಯಿಯನ್ನು ಅವಳ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಲೊಡಲೊಡ ಅನ್ನುತ್ತದಲ್ಲ, ತಾತ ಹೀಗೇ ಕೇಳಿ ನೋಡುತ್ತಿದ್ದರು ಎಂದು ಹೇಳಿ.