ಬಸ್ ಪಥದಲ್ಲಿ ಮಿನಿಕ್ಯಾಬಿಗೆ ಮಾತ್ರ ದಂಡ ಏಕೆ?

ಲಂಡನ್ನಿನ ಬಸ್ ಪಥದಲ್ಲಿ ಕಪ್ಪು ಟ್ಯಾಕ್ಸಿ ನಿರಾತಂಕವಾಗಿ ಸಾಗುವಾಗ ಅದೇ ಪಥಕ್ಕಿಳಿದ ಮಿನಿಕ್ಯಾಬಿಗೆ (ಮೊದಲೇ ಕರೆದು ಗೊತ್ತುಮಾಡಿಕೊಳ್ಳುವ ಖಾಸಗಿ ಬಾಡಿಗೆ ಕಾರಿಗೆ) ಮಾತ್ರ ದಂಡ ವಿಧಿಸುವುದು ತಾರತಮ್ಯವಲ್ಲವೇ ಎಂದು ತಾವು ಕೇಳಿದ್ದೀರಿ. ಇದೇ ವಾದವನ್ನು ಲಂಡನ್ನಿನಲ್ಲಿ ಮಿನಿಕ್ಯಾಬ್ ಓಡಿಸುವ ಅಡಿಸನ್ ಲೀ ಸಮೂಹದ ಇವೆಂಟೆಕ್ ಕಂಪನಿಯು ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯದವರೆಗೂ ಒಯ್ದಿತ್ತು. 2010ರ ಅಕ್ಟೋಬರಿನಲ್ಲಿ ಸೌತಾಂಪ್ಟನ್ ರೋ ರಸ್ತೆಯ ಬಸ್ ಪಥ ಬಳಸಿದ್ದಕ್ಕೆ ಬಿದ್ದ ದಂಡವೇ ಆ ಮೊಕದ್ದಮೆಯ ಮೂಲ. ಸಾರ್ವಜನಿಕ ಹಣದಿಂದ ನಿರ್ಮಿಸಿದ ಪಥವನ್ನು ಒಂದು ವರ್ಗದ ವ್ಯಾಪಾರಿಗಳಿಗೆ ಪುಕ್ಕಟೆಯಾಗಿ ಬಿಟ್ಟುಕೊಡುವುದು ಐರೋಪ್ಯ ಒಕ್ಕೂಟದ ನಿಯಮಗಳಡಿ ಅಕ್ರಮವಾದ ಸರ್ಕಾರಿ ನೆರವು ಎಂಬುದು ಕಂಪನಿಯ ವಾದವಾಗಿತ್ತು.

2015ರ ಜನವರಿ 14ರ ತೀರ್ಪು ಇದನ್ನು ಒಪ್ಪಲಿಲ್ಲ. ರಸ್ತೆಯಲ್ಲಿ ಕೈಯೆತ್ತಿ ಕರೆದವರನ್ನು ಹತ್ತಿಸಿಕೊಳ್ಳುವ ಹಕ್ಕು ಕಪ್ಪು ಟ್ಯಾಕ್ಸಿಗೆ ಮಾತ್ರ ಇದೆ. ಅದರ ಜೊತೆಗೇ ಸಕಾರಣವಿಲ್ಲದೆ ಬಾಡಿಗೆ ನಿರಾಕರಿಸಬಾರದು, ನಿಗದಿತ ದರವನ್ನೇ ಪಡೆಯಬೇಕು, ಗಾಲಿಕುರ್ಚಿಯಲ್ಲಿರುವವರನ್ನೂ ಕರೆದೊಯ್ಯುವಂತೆ ವಾಹನವಿರಬೇಕು ಎಂಬ ಕಟ್ಟುಪಾಡುಗಳೂ ಅದಕ್ಕಿವೆ. ಮುಂಗಡ ಕರೆಯ ಮೇಲೆಯೇ ಓಡುವ ಮಿನಿಕ್ಯಾಬಿಗೆ ಅವು ಅದೇ ರೀತಿ ಅನ್ವಯಿಸದ ಕಾರಣ, ಕಾನೂನಿನ ದೃಷ್ಟಿಯಲ್ಲಿ ಇಬ್ಬರೂ ಸಮಾನಸ್ಥಿತಿಯವರಲ್ಲ. ಮೊಬೈಲಿನಲ್ಲಿ ಎರಡೇ ನಿಮಿಷಕ್ಕೆ ಮಿನಿಕ್ಯಾಬ್ ಬಂದು ನಿಲ್ಲುವ ಈ ಕಾಲದಲ್ಲಿ 'ಮುಂಗಡ' ಎಂಬ ಪದ ಸಾಕಷ್ಟು ತೆಳುವಾಗಿದೆ ಎಂಬುದು ನನ್ನ ಸ್ವಂತ ಅಭಿಪ್ರಾಯ.

ಅಂದಹಾಗೆ, ತೀರ್ಪಿಗೆ ಮೊದಲೇ, 2012ರಲ್ಲಿ, ಅಡಿಸನ್ ಲೀ ಅಧ್ಯಕ್ಷರು ಬಸ್ ಪಥ ಬಳಸುವಂತೆ ತಮ್ಮ ಚಾಲಕರಿಗೆ ಸೂಚಿಸಿದಾಗ, ನಗರದ ಸಾರಿಗೆ ಪ್ರಾಧಿಕಾರವು ಹೈಕೋರ್ಟಿನಿಂದ ತಡೆ ತಂದಿತ್ತು. ಪ್ರಯಾಣಿಕರನ್ನು ಹತ್ತಿಸಲು ಅಥವಾ ಇಳಿಸಲು ಮಿನಿಕ್ಯಾಬ್ ಆ ಪಥವನ್ನು ಪ್ರವೇಶಿಸುವುದಕ್ಕೆ ಮಾತ್ರ ಆಗಲೂ ಅವಕಾಶವಿತ್ತು.